ನಾನು ಅಳೆದದ್ದು ಟಿವಿ ಪಕ್ಕದ ಜಾಗವನ್ನು

ಮೀನಿನ ಟ್ಯಾಂಕ್ ಕೊಳ್ಳುವ ಮೊದಲು ನಾನು ಅಳತೆಯನ್ನೇ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾಡಿದ್ದೆ. ಕುವೆಂಪುನಗರದ ನಮ್ಮ ಮನೆಯ ಹಾಲ್‌ನಲ್ಲಿ, ಶೋಕೇಸಿನ ಮೇಲೆ, ಟಿವಿಗೂ ಕಿಟಕಿಗೂ ನಡುವೆ ಎಷ್ಟು ಜಾಗ ಇದೆ ಎಂದು ಟೇಪು ಹಿಡಿದು ನೋಡಿದ್ದೆ. 20 ಇಂಚು ಇತ್ತು. ಹಾಗಾಗಿ 18 ಇಂಚಿನ ಟ್ಯಾಂಕ್ ತಂದೆ. ಅದರೊಳಗೆ ಬದುಕಬೇಕಾದ ಮೀನು ಮುಂದೆ ಎಷ್ಟು ಉದ್ದ ಬೆಳೆಯುತ್ತದೆ ಎಂದು ಮಾತ್ರ ಯಾರನ್ನೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳದೇ ಹೋದದ್ದಕ್ಕೆ ಏಳು ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಂಬತ್ತು ಗೋಲ್ಡ್ ಫಿಶ್‌ಗಳು ಸತ್ತವು. ತಂದದ್ದು ಹನ್ನೊಂದು, ಉಳಿದದ್ದು ಎರಡು.

ಇದು ಶುರುವಾದದ್ದು ಶೃಂಗೇರಿಯಲ್ಲಿ. 2019ರ ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆವು. ಆಗ ಅವಳು ಎರಡನೇ ಕ್ಲಾಸು ಮುಗಿಸಿದ್ದಳು. ತುಂಗೆಯ ಮೆಟ್ಟಿಲ ಮೇಲೆ ಕುಳಿತು ಪುರಿ ಎಸೆದಳು. ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದವು. ಅಲ್ಲಿಂದ ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು: ಅಪ್ಪಾ, ನಮ್ಮನೇಲೂ ಮೀನು ಬೇಕು. ದಸರಾ ರಜೆಯವರೆಗೆ ತಳ್ಳಿಕೊಂಡು ಬಂದೆ. ಆಮೇಲೆ ಒಂದು ಸಂಜೆ ಬಣ್ಣದ ಮೀನಿನ ಅಂಗಡಿಗೆ ಹೋಗಿ ಗಾಜಿನ ಬೋಗುಣಿ, ಒಂದು ಹಿಡಿ ಬಣ್ಣದ ಕಲ್ಲು, ಒಂದು ಡಬ್ಬಿ ಕಾಳಿನಂಥ ಆಹಾರ ಮತ್ತು ಹೆಬ್ಬೆರಳುದ್ದದ ಮೂರು ಗೋಲ್ಡ್ ಫಿಶ್ ತಂದೆವು. ಬೋಗುಣಿಗೆ ಹಿಡಿಯುತ್ತಿದ್ದದ್ದು ಆರು ಲೀಟರ್ ನೀರು. ನಮ್ಮ ಅಡುಗೆಮನೆಯ ಕುಡಿಯುವ ನೀರಿನ ಬಿಂದಿಗೆಯೇ ಅದಕ್ಕಿಂತ ದೊಡ್ಡದು.

‘ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೀತವೆ ಸಾರ್, ಯೋಚನೆ ಮಾಡ್ಬೇಡಿ’ ಎಂದರು ಅಂಗಡಿಯವರು. ಅವರನ್ನು ದೂರುವುದಿಲ್ಲ. ಅವರಿಗೂ ಯಾರೋ ಹಾಗೇ ಹೇಳಿರುತ್ತಾರೆ. ನನಗೆ ಆ ಮಾತು ಬೇಕಾಗಿತ್ತು, ಅದಕ್ಕೇ ನಂಬಿದೆ.

ಮೂರೂ ಮೂರು ವಾರದೊಳಗೆ ಸತ್ತವು. ಮತ್ತೆ ಮೂರು ತಂದೆ. ಡಿಸೆಂಬರ್ ಹೊತ್ತಿಗೆ ಅವುಗಳಲ್ಲಿ ಎರಡು ಹೋದವು, ಒಂದು ಉಳಿಯಿತು. ಮಗಳು ಅದಕ್ಕೆ ಬಂಗಾರಿ ಎಂದು ಹೆಸರಿಟ್ಟಿದ್ದಳು. ಬಂಗಾರಿ ಒಂಟಿಯಾಗಿದೆ ಎಂದು ಅವಳು ಅಳುತ್ತಿದ್ದಳು. ನಾನು ಟೇಪು ಹಿಡಿದು ಶೋಕೇಸು ಅಳೆದದ್ದು ಆಗಲೇ. 18 ಇಂಚು ಉದ್ದ, 10 ಇಂಚು ಅಗಲ, 12 ಇಂಚು ಎತ್ತರದ ಟ್ಯಾಂಕ್. ತುಂಬಿಸಿದರೆ ಸುಮಾರು 35 ಲೀಟರ್. ಬೋಗುಣಿಯಿಂದ ಟ್ಯಾಂಕಿಗೆ ಬಂದೆನಲ್ಲ, ಇನ್ನು ಇವಕ್ಕೆ ಅರಮನೆಯೇ ಸಿಕ್ಕಿತು ಎಂದುಕೊಂಡೆ. ಆ ಧೈರ್ಯದಲ್ಲಿ 2020ರ ಜನವರಿಯಲ್ಲಿ ಇನ್ನೂ ಐದು ಮೀನು ತಂದೆ: ಒಂದು ಕಾಮೆಟ್, ಎರಡು ರ‍್ಯೂಕಿನ್, ಉಬ್ಬುಗಣ್ಣಿನ ಒಂದು ಬ್ಲ್ಯಾಕ್ ಮೂರ್, ಒಂದು ಒರಾಂಡಾ. ಒರಾಂಡಾದ ತಲೆಯ ಮೇಲೆ ಕೆಂಪಗೆ ಗಂಟು ಗಂಟಾಗಿ ಬೆಳೆದ ಮಾಂಸ ಥೇಟ್ ಮೈಸೂರು ಪೇಟದಂತೆ ಕಾಣುತ್ತಿತ್ತು. ಮಗಳು ಅದನ್ನು ಮಹಾರಾಜ ಎಂದು ಕರೆದಳು. ಕರಿಯದು ಕರಿಯ, ಕಾಮೆಟ್ ಕೆಂಚ.

ಪ್ರತಿ ಭಾನುವಾರ ಬೆಳಿಗ್ಗೆ ನಾನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬರೆಯಲೇಬೇಕು. ಮೀನುಗಳನ್ನು ಬಕೆಟ್ಟಿಗೆ ಹಾಕಿ ಟ್ಯಾಂಕಿನ ನೀರನ್ನೆಲ್ಲ ಚೆಲ್ಲುತ್ತಿದ್ದೆ. ಕಲ್ಲುಗಳನ್ನು ಉಜ್ಜಿ ತೊಳೆಯುತ್ತಿದ್ದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಹಿಂಡಿದ ನೀರು ತಿಳಿಯಾಗುವವರೆಗೆ ಹಿಂಡುತ್ತಿದ್ದೆ. ನಮ್ಮ ಬಡಾವಣೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಭಾನುವಾರ ನೀರು ಬಂದಿದ್ದರೆ, ಕ್ಲೋರಿನ್ ವಾಸನೆ ಆರುವ ಮೊದಲೇ ಹೊಸ ನೀರನ್ನು ತುಂಬಿಸುತ್ತಿದ್ದೆ. ಟ್ಯಾಂಕ್ ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಗೆ ಬಂದವರು ಎಷ್ಟು ನೀಟಾಗಿ ಇಟ್ಟಿದ್ದೀರಿ ಎನ್ನುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಎಲ್ಲರೂ ಮನೆಯಲ್ಲೇ. ಮಗಳಿಗೆ ಶಾಲೆಯಿಲ್ಲ, ದಿನಕ್ಕೆ ಆರೇಳು ಸಲ ಮೀನಿಗೆ ಕಾಳು ಹಾಕುತ್ತಿದ್ದಳು. ಗೋಲ್ಡ್ ಫಿಶ್‌ಗೆ ನಮ್ಮಂತೆ ಜಠರವಿಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಾಗಾಗಿ ಯಾವಾಗ ನೋಡಿದರೂ ಹಸಿದಂತೆ ಗಾಜಿನ ಬಳಿ ಬಂದು ಬಾಯಿ ಆಡಿಸುತ್ತದೆ. ಪಾಪ ಹಸಿದಿದೆ ಎಂದು ನಾವೂ ಹಾಕಿದೆವು. ಏಪ್ರಿಲ್‌ನ ಬಿಸಿಲು ಬೇರೆ. ಟ್ಯಾಂಕ್ ಇದ್ದದ್ದು ಪಶ್ಚಿಮದ ಕಿಟಕಿಯ ಪಕ್ಕ. ಮಧ್ಯಾಹ್ನ ಗಾಜು ಮುಟ್ಟಿದರೆ ಬೆಚ್ಚಗಿರುತ್ತಿತ್ತು.

ಮೊದಲು ಕಂಡದ್ದು ಮಹಾರಾಜನ ಬಾಲದಲ್ಲಿ. ಬಿಳಿ ರೇಷ್ಮೆಯಂಥ ಆ ಬಾಲದೊಳಗೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಗಳು ಮೂಡಿದ್ದವು. ಬಣ್ಣ ಬರುತ್ತಿದೆ ಎಂದು ಮಗಳಿಗೆ ಹೇಳಿದೆ. ಎರಡು ದಿನಕ್ಕೆ ಎಲ್ಲ ಮೀನುಗಳೂ ನೀರಿನ ಮೇಲ್ಮೈಗೆ ಬಂದು ಗಾಳಿ ಕಚ್ಚುವಂತೆ ಬಾಯಿ ತೆರೆಯತೊಡಗಿದವು. ಕರಿಯ ಒಂದು ಮೂಲೆಯಲ್ಲಿ ತಳಕ್ಕೆ ಕುಳಿತಿತ್ತು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು. ಕಿವಿರು ಬೇಗ ಬೇಗ ಬಡಿಯುತ್ತಿತ್ತು. ನಾನು ಗಾಬರಿಯಾಗಿ, ಗೊತ್ತಿದ್ದ ಒಂದೇ ಔಷಧ ಮಾಡಿದೆ: ರಾತ್ರಿಯೇ ನೀರನ್ನೆಲ್ಲ ಚೆಲ್ಲಿ, ಸ್ಪಂಜು ತೊಳೆದು, ನಲ್ಲಿಯಿಂದ ಹೊಸ ನೀರು ತುಂಬಿಸಿದೆ. ಬೆಳಿಗ್ಗೆ ಮಹಾರಾಜ ಮಗ್ಗುಲಾಗಿ ತೇಲುತ್ತಿತ್ತು. ರ‍್ಯೂಕಿನ್ ಎರಡೂ ತಳದಲ್ಲಿದ್ದವು. ಕರಿಯ ಮಧ್ಯಾಹ್ನದವರೆಗೆ ಜೀವ ಹಿಡಿದಿತ್ತು. ನಾನು ಅದರ ಹತ್ತಿರವೇ ಕುಳಿತಿದ್ದೆ. ಉಬ್ಬಿದ ಆ ಕಣ್ಣಿಗೆ ರೆಪ್ಪೆಯಿಲ್ಲವಾದ್ದರಿಂದ ಅದು ಸತ್ತ ಗಳಿಗೆ ನನಗೆ ತಿಳಿಯಲೇ ಇಲ್ಲ.

ನಾಲ್ಕನ್ನೂ ಹಿತ್ತಲ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಮಗಳು ಅಳಲಿಲ್ಲ. ‘ಅಪ್ಪಾ, ನಾವು ಏನು ತಪ್ಪು ಮಾಡಿದ್ವಿ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕಲೇಬೇಕು ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ. ಐದು ಮೀನು ಸತ್ತಾಗ ಅನ್ನಿಸದೇ ಇದ್ದದ್ದು ಒಂಬತ್ತನೆಯದು ಸತ್ತ ಮೇಲೆ ಅನ್ನಿಸಿತು. ಈ ತಡವನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ನನ್ನ ಡಿಗ್ರಿ ಕಾಲದ ಗೆಳೆಯನ ತಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು. ಅವತ್ತು ಸಂಜೆ ಅವನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಲೀಟರ್?’ ನಾನು, ಹದಿನೆಂಟು ಇಂಚಿನ ಟ್ಯಾಂಕ್ ಎಂದೆ. ‘ಇಂಚು ಬೇಡಣ್ಣ, ಲೀಟರ್ ಹೇಳಿ’ ಎಂದ. ಅಲ್ಲಿಯವರೆಗೆ ನನ್ನ ಟ್ಯಾಂಕಿಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ನಾನು ಲೆಕ್ಕ ಹಾಕಿರಲೇ ಇಲ್ಲ. ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ 28.3ರಿಂದ ಮತ್ತೆ ಗುಣಿಸಿದರೆ ಲೀಟರ್ ಸಿಗುತ್ತದೆ ಎಂದು ಅವನೇ ಹೇಳಿಕೊಟ್ಟ. 35 ಎಂದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಅವನು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಗೋಲ್ಡ್ ಫಿಶ್ ನಮ್ಮ ಗೆಂಡೆ ಮೀನಿನ ಕುಲದ್ದು. ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಕೊಳಗಳಲ್ಲಿ ಸಾಕಿ ಸಾಕಿ ಬಣ್ಣ ತರಿಸಿದ ಮೀನು ಅದು. ಗಾಜಿನ ಬೋಗುಣಿಗೆಂದು ಹುಟ್ಟಿದ್ದಲ್ಲ. ಉದ್ದ ಮೈಯ ಮಾಮೂಲಿ ಗೋಲ್ಡ್ ಫಿಶ್, ಕಾಮೆಟ್ ಒಳ್ಳೆಯ ನೀರಿನಲ್ಲಿ ಒಂದು ಅಡಿಯವರೆಗೂ ಬೆಳೆಯುತ್ತವೆ. ಒರಾಂಡಾ, ರ‍್ಯೂಕಿನ್, ಬ್ಲ್ಯಾಕ್ ಮೂರ್‌ನಂಥ ಗುಂಡು ಮೈಯವು ಆರರಿಂದ ಎಂಟು ಇಂಚು. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುವುದು ಸಾಮಾನ್ಯ. ಇಂಗ್ಲೆಂಡಿನಲ್ಲಿ ಟಿಶ್ ಎಂಬ ಗೋಲ್ಡ್ ಫಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಮೀನು ಮೂರು ವಾರ ಬದುಕಿದರೆ ಅದರ ಆಯಸ್ಸೇ ಅಷ್ಟು ಎಂದು ನಾನು ಅಂದುಕೊಂಡಿದ್ದೆ.

ಮೀನು ತನ್ನ ಮೈಯ ಕಸವನ್ನು ಹೆಚ್ಚಾಗಿ ಹೊರಹಾಕುವುದು ಕಿವಿರಿನ ಮೂಲಕ, ಅಮೋನಿಯಾ ರೂಪದಲ್ಲಿ. ಅಂದರೆ ಉಸಿರಾಡುವ ನೀರಿಗೇ ವಿಷ ಬಿಡುತ್ತಿರುತ್ತದೆ. ನದಿಯಲ್ಲಿ ಅದು ಹರಿದುಹೋಗುತ್ತದೆ. ಟ್ಯಾಂಕಿನಲ್ಲಿ ಹೋಗಲು ದಾರಿಯಿಲ್ಲ. ಅದನ್ನು ತಿಂದು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿವೆ. ಅವು ಸ್ಪಂಜಿನಲ್ಲಿ, ಕಲ್ಲಿನಲ್ಲಿ ಮನೆಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾನು ಪ್ರತಿ ಭಾನುವಾರ ಕ್ಲೋರಿನ್ ನೀರಿನಲ್ಲಿ ತೊಳೆದು ಕಳೆದದ್ದು ಅವನ್ನೇ. ನೀರು ಕಣ್ಣಿಗೆ ತಿಳಿಯಾಗಿತ್ತು. ಅಮೋನಿಯಾ ಕರಗಿದ ನೀರೂ ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಬಿಸಿಲಿಗೆ ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಅಮೋನಿಯಾದ ವಿಷ ಹೆಚ್ಚು. ಬೋರ್‌ವೆಲ್ಲಿನ ಕ್ಷಾರದ ನೀರಾದರೆ ಇನ್ನೂ ಹೆಚ್ಚು: ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷದ ಪಾಲು ಹತ್ತು ಪಟ್ಟಿನ ಹತ್ತಿರ ಹೋಗುತ್ತದೆ.

ದೊಡ್ಡ ಟ್ಯಾಂಕ್ ಬೇಕೆನ್ನುವುದು ಇದಕ್ಕೇ. ಮೀನಿಗೆ ಓಡಾಡಲು ಜಾಗ ಬೇಕು ನಿಜ, ಆದರೆ ಅದಕ್ಕಿಂತ ಮೊದಲು ಅದರ ವಿಷವನ್ನು ತೆಳುವಾಗಿಸುವಷ್ಟು ನೀರು ಬೇಕು. ಇಂಚಿಗೆ ಒಂದು ಗ್ಯಾಲನ್ ಅಂದರೆ ಸುಮಾರು ನಾಲ್ಕು ಲೀಟರ್ ಎಂದು ಅಂಗಡಿಗಳಲ್ಲಿ ಒಂದು ಲೆಕ್ಕ ಹೇಳುತ್ತಾರೆ. ಸಣ್ಣ ತೆಳ್ಳನೆಯ ಮೀನುಗಳಿಗೆ ಅದು ಹೇಗೋ ನಡೆಯುತ್ತದೆ, ಗೋಲ್ಡ್ ಫಿಶ್‌ಗೆ ನಡೆಯುವುದಿಲ್ಲ. ಎರಡು ಇಂಚಿನ ಮೀನು ನಾಲ್ಕು ಇಂಚಾದಾಗ ಅದರ ತೂಕ ಇಮ್ಮಡಿಯಲ್ಲ, ಎಂಟು ಪಟ್ಟಾಗುತ್ತದೆ. ಎಂಟು ಇಂಚಾದಾಗ 64 ಪಟ್ಟು. ಕಸವೂ ಅದಕ್ಕೆ ತಕ್ಕಂತೆ ಏರುತ್ತಾ ಹೋಗುತ್ತದೆ. ಗುಂಡು ಮೈಯ ಒಂದು ಮೀನಿಗೆ ಕನಿಷ್ಠ 75 ಲೀಟರ್, ಆಮೇಲೆ ಪ್ರತಿ ಮೀನಿಗೆ ಇನ್ನೊಂದು 40 ಲೀಟರ್ ಎಂಬುದು ಅನುಭವಸ್ಥರು ಪಾಲಿಸುವ ಲೆಕ್ಕ. ಮಹಾರಾಜ, ಕರಿಯ, ಎರಡು ರ‍್ಯೂಕಿನ್, ಈ ನಾಲ್ಕಕ್ಕೇ 195 ಲೀಟರ್ ಬೇಕಿತ್ತು. ಕಾಮೆಟ್ ಮತ್ತು ಮಾಮೂಲಿ ಗೋಲ್ಡ್ ಫಿಶ್‌ಗಳಿಗೆ ನಾಲ್ಕಡಿ ಟ್ಯಾಂಕಿಗಿಂತ ಕಡಿಮೆ ಯೋಚಿಸಲೇಬಾರದು. ಕೊಳವಾದರೆ ಎಲ್ಲಕ್ಕಿಂತ ಒಳ್ಳೆಯದು. ನಾನು ಎಲ್ಲ ಆರನ್ನೂ 35 ಲೀಟರಿನಲ್ಲಿ ಕೂಡಿಹಾಕಿದ್ದೆ.

ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತದೆ ಎಂಬ ಮಾತಿನ ನಿಜವನ್ನೂ ಅವನು ಹೇಳಿದ. ಮೀನು ಜಾಗ ನೋಡಿ ಬೆಳವಣಿಗೆ ನಿಲ್ಲಿಸುವುದಿಲ್ಲ. ಕೆಟ್ಟ ನೀರು ಅದನ್ನು ಬೆಳೆಯಗೊಡುವುದಿಲ್ಲ. ಅದು ಕುಗ್ಗಿದ ಮೀನು, ಹೊಂದಿಕೊಂಡ ಮೀನಲ್ಲ.

ಇಟಲಿಯ ಮೊಂಜಾ ಪಟ್ಟಣ 2004ರಲ್ಲೇ ಗೋಲ್ಡ್ ಫಿಶ್‌ಗಳನ್ನು ದುಂಡು ಬೋಗುಣಿಯಲ್ಲಿ ಇಡುವುದನ್ನು ನಿಷೇಧಿಸಿದೆ, ರೋಮ್ ನಗರ 2005ರಲ್ಲಿ. ಬೋಗುಣಿಯನ್ನು ಕಂಠದವರೆಗೆ ತುಂಬಿಸಿದರೆ ಗಾಳಿ ತಾಗುವ ನೀರಿನ ಮೇಲ್ಮೈ ಒಂದು ತಟ್ಟೆಯಷ್ಟೂ ಇರುವುದಿಲ್ಲ. ಆಮ್ಲಜನಕ ಒಳಗಿಳಿಯುವುದು ಆ ಮೇಲ್ಮೈಯಿಂದಲೇ. ಅದಕ್ಕೇ ಎತ್ತರದ ಟ್ಯಾಂಕಿಗಿಂತ ಉದ್ದದ, ಅಗಲದ ಟ್ಯಾಂಕ್ ಮೇಲು.

ಉಳಿದ ಬಂಗಾರಿ ಮತ್ತು ಕೆಂಚನನ್ನು ಅವತ್ತೇ ಬಟ್ಟೆ ನೆನೆಹಾಕುವ 100 ಲೀಟರಿನ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟೆ. ಒಂದು ದಿನ ಮೊದಲೇ ಹಿಡಿದಿಟ್ಟು ಕ್ಲೋರಿನ್ ಹಾರಿಹೋದ ನೀರು, ದಿನ ಬಿಟ್ಟು ದಿನ ಕಾಲುಭಾಗ ಬದಲಾವಣೆ, ದಿನಕ್ಕೆ ಒಂದೇ ಹೊತ್ತು ಚಿಟಿಕೆ ಆಹಾರ. ಮೇ ತಿಂಗಳಲ್ಲಿ ಕೊರಿಯರ್ ಶುರುವಾದಾಗ ಅಮೋನಿಯಾ ಪರೀಕ್ಷೆಯ ಕಿಟ್ ತರಿಸಿದೆ. ಸಣ್ಣ ಗಾಜಿನ ನಳಿಕೆಯಲ್ಲಿ ಐದು ಎಂಎಲ್ ಟಬ್ಬಿನ ನೀರು, ಎರಡು ಬಾಟಲಿಯಿಂದ ಎಂಟೆಂಟು ಹನಿ. ಮುಚ್ಚಳ ಹಾಕಿ ಕುಲುಕಿ ಐದು ನಿಮಿಷ ಕಾಯಬೇಕು. ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲ. ನಾನೂ ಮಗಳೂ ಬಿಳಿ ಹಾಳೆಯ ಮುಂದೆ ನಳಿಕೆ ಹಿಡಿದು ನೋಡುತ್ತಿದ್ದೆವು. ನಿಂಬೆಹಣ್ಣಿನ ಹಳದಿ ನಿಧಾನವಾಗಿ ಎಳೆ ಬಾಳೆ ಎಲೆಯ ಹಸಿರಿಗೆ ತಿರುಗಿತು. ನೂರು ಲೀಟರ್, ಎರಡೇ ಮೀನು, ಎರಡು ದಿನದ ಹಿಂದಷ್ಟೇ ನೀರು ಬದಲಿಸಿದ್ದು, ಆದರೂ ಹಸಿರು. ಆರು ಮೀನಿದ್ದ ಆ 35 ಲೀಟರ್ ನೀರು ಏಪ್ರಿಲ್‌ನಲ್ಲಿ ಯಾವ ಬಣ್ಣ ತೋರಿಸುತ್ತಿತ್ತು ಎಂದು ಯೋಚಿಸಿ ನನಗೆ ಮೈ ನಡುಗಿತು. ಮಗಳು ಕೇಳಿದ ಪ್ರಶ್ನೆಗೆ ಉತ್ತರ ಆ ನಳಿಕೆಯಲ್ಲಿತ್ತು. ಅವಳಿಗೆ ತೋರಿಸಿ ಹೇಳಿದೆ: ತಪ್ಪು ನಾವು ಮಾಡಿದ್ದಲ್ಲ, ನಾನು ಮಾಡಿದ್ದು.

ಆ ದಿನಗಳಲ್ಲೇ ಇನ್ನೊಂದು ತಪ್ಪಿನ ಅಂಚಿಗೆ ಹೋಗಿದ್ದೆ. ಇಷ್ಟೆಲ್ಲ ರಗಳೆ ಯಾಕೆ, ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ ಎಂದರು ನೆರೆಮನೆಯವರು. ಬಕೆಟ್ ಸಿದ್ಧ ಮಾಡಿದ್ದೆ. ಫೋನಿನಲ್ಲೇ ಗೆಳೆಯನ ತಮ್ಮ ತಡೆದ. ಗೋಲ್ಡ್ ಫಿಶ್ ಕೆರೆಯ ತಳ ಕೆದಕಿ ನೀರು ಕದಡುತ್ತದೆ, ಬೇರೆ ಮೀನಿನ ಮೊಟ್ಟೆ ತಿನ್ನುತ್ತದೆ, ನೀರಿನ ಗಿಡ ಕೀಳುತ್ತದೆ, ಮನೆಯ ರೋಗವನ್ನು ಕೆರೆಗೆ ಹರಡುತ್ತದೆ. ಮರುವರ್ಷ, 2021ರಲ್ಲಿ, ಅಮೆರಿಕದ ಮಿನೆಸೋಟದ ಬರ್ನ್ಸ್‌ವಿಲ್‌ನಲ್ಲಿ ಯಾರೋ ಬಿಟ್ಟ ಗೋಲ್ಡ್ ಫಿಶ್‌ಗಳು ಕೆರೆಯಲ್ಲಿ ಕಾಲ್ಚೆಂಡಿನಷ್ಟು ಗಾತ್ರಕ್ಕೆ ಬೆಳೆದ ಚಿತ್ರಗಳನ್ನು ನೋಡಿದಾಗ ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು, ಈಗಲೂ ಪೆಲಿಕನ್‌ಗಳು ಬಂದಿಳಿಯುವ ಕೆರೆ. ನನ್ನ ತಪ್ಪನ್ನು ತೊಳೆದುಕೊಳ್ಳುವ ಬಚ್ಚಲಲ್ಲ.

ಟಬ್ಬಿನ ಪಕ್ಕ ಕುಳಿತು ನನ್ನ ಅಮ್ಮ ಮೊಮ್ಮಗಳಿಗೆ ಮತ್ಸ್ಯಾವತಾರದ ಕಥೆ ಹೇಳುತ್ತಿದ್ದದ್ದು ಒಂದು ಮಧ್ಯಾಹ್ನ ನನ್ನ ಕಿವಿಗೆ ಬಿತ್ತು. ಭಾಗವತದ ಸತ್ಯವ್ರತ ರಾಜ ಬೊಗಸೆಗೆ ಬಂದ ಪುಟ್ಟ ಮೀನನ್ನು ಕಮಂಡಲದಲ್ಲಿ ಹಾಕುತ್ತಾನೆ. ಬೆಳಗಾಗುವುದರೊಳಗೆ ಮೀನಿಗೆ ಅದು ಸಾಲದು. ದೊಡ್ಡ ಪಾತ್ರೆ, ಆಮೇಲೆ ಕೊಳ, ಆಮೇಲೆ ಕೆರೆ, ಕೊನೆಗೆ ಸಮುದ್ರ. ಪ್ರತಿ ಸಲ ಮೀನು ಜಾಗ ಸಾಲದೆಂದು ಹೇಳುತ್ತದೆ, ಪ್ರತಿ ಸಲ ರಾಜ ಕೇಳಿಸಿಕೊಳ್ಳುತ್ತಾನೆ. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನ್ನ ಮೀನುಗಳು ಬಾಲದ ಕೆಂಪು ಗೆರೆಯಲ್ಲಿ, ನೀರ ಮೇಲಿನ ಬಾಯಲ್ಲಿ ಅದನ್ನೇ ಹೇಳಿದ್ದವು.

ಸೆಪ್ಟೆಂಬರ್‌ನಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸಿದೆ, ಸುಮಾರು 255 ಲೀಟರ್. ನೀರು, ಗಾಜು ಸೇರಿ ತೂಕ 300 ಕಿಲೋ ದಾಟುತ್ತದೆ. ಶೋಕೇಸಿನ ಮಾತೇ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್ ಸ್ಟ್ಯಾಂಡು ಮಾಡಿಸಿ, ಬಿಸಿಲು ಬೀಳದ ಗೋಡೆಗೆ ಇಟ್ಟೆ. ಅದಕ್ಕಾಗಿ ಟಿವಿಯನ್ನು ರೂಮಿಗೆ ಸಾಗಿಸಿದೆ. ಹೊಸ ಟ್ಯಾಂಕಿನಲ್ಲಿ ನೀರು ತುಂಬಿ ಫಿಲ್ಟರ್ ಓಡಿಸಿ, ಪ್ರತಿದಿನ ಒಂದೆರಡು ಕಾಳು ಹಾಕಿ ಕೊಳೆಸಿ, ಆರು ವಾರ ಮೀನಿಲ್ಲದ ಟ್ಯಾಂಕನ್ನು ನೋಡುತ್ತಾ ಕೂತೆವು. ಅಮೋನಿಯಾ ಏರಿತು, ಇಳಿಯಿತು. ನೈಟ್ರೈಟ್ ಏರಿತು, ಇಳಿಯಿತು. ಎರಡೂ ಸೊನ್ನೆಗೆ ಬಂದ ದಿನ ಮಗಳು ತನ್ನ ಕೈಯಾರೆ ಬಂಗಾರಿ ಮತ್ತು ಕೆಂಚನನ್ನು ಬಿಟ್ಟಳು. ಕೆಂಚ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಹೋಯಿತು. ಅದು ವೇಗವಾಗಿ ಈಜಬಲ್ಲದು ಎಂದು ನಮಗೆ ಅವತ್ತೇ ಗೊತ್ತಾದದ್ದು.

ಈಗ ಪ್ರತಿ ಭಾನುವಾರ ಕಾಲುಭಾಗ ನೀರು ಮಾತ್ರ ಬದಲಿಸುತ್ತೇನೆ. ಟ್ಯಾಂಕಿನಿಂದ ತೆಗೆದ ಹಳೆಯ ನೀರಿನಲ್ಲೇ ಸ್ಪಂಜನ್ನು ಅದ್ದಿ ಹಗುರಾಗಿ ಹಿಂಡುತ್ತೇನೆ. ಗಾಜಿನ ಮೇಲೆ ಪಾಚಿ ಇರುತ್ತದೆ, ಮೊದಲಿನಂತೆ ಹೊಳೆಯುವುದಿಲ್ಲ. ಮೂರನೆಯ ಮೀನು ತಂದಿಲ್ಲ, ತರುವುದೂ ಇಲ್ಲ.

ನಿಮ್ಮ ಮನೆಯಲ್ಲೂ ಗೋಲ್ಡ್ ಫಿಶ್ ಇದ್ದರೆ ಇವತ್ತು ಸಂಜೆ ಟ್ಯಾಂಕ್ ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ, ಬಾಲದಲ್ಲಿ ಕೆಂಪು ಗೆರೆ ಇದೆಯೇ ನೋಡಿ. ಇನ್ನೂ ತಂದಿಲ್ಲವಾದರೆ, ಅಷ್ಟು ನೀರಿಗೆ ಜಾಗವಿಲ್ಲವಾದರೆ, ದಯವಿಟ್ಟು ತರಬೇಡಿ. ಮಕ್ಕಳನ್ನು ಶೃಂಗೇರಿಗೆ ಕರೆದುಕೊಂಡು ಹೋಗಿ, ಪುರಿ ಹಾಕಿಸಿ. ಕೆಂಚ ಈಗ ಬಾಲ ಸೇರಿ ಒಂಬತ್ತು ಇಂಚಿದೆ. ಮೊದಲ ಕೆಲವು ತಿಂಗಳನ್ನು ಬೋಗುಣಿಯಲ್ಲಿ, ಸಣ್ಣ ಟ್ಯಾಂಕಿನಲ್ಲಿ ಕಳೆದ ಬಂಗಾರಿ ನಾಲ್ಕು ಇಂಚಿಗೇ ನಿಂತಿದೆ. ಅದರ ಬೆನ್ನು ಬಾಲದ ಬಳಿ ಬಾಗಿದೆ, ಇನ್ನು ನೆಟ್ಟಗಾಗುವುದಿಲ್ಲ.